ಬಸಿದ ಜೌಗಿಗೆ ಮತ್ತೆ ನೀರು: ಉತ್ತರದ ಪೀಟ್ ಭೂಮಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡ್‌ನ ಉತ್ತರ ತುದಿಯಲ್ಲಿರುವ ಫ್ಲೋ ಕಂಟ್ರಿ ಎಂಬ ಪೀಟ್ ಜೌಗುನಾಡು 2024ರ ಜುಲೈಯಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ತೀರ್ಮಾನವಾದ ಸಭೆ ನಡೆದದ್ದು ದೆಹಲಿಯಲ್ಲಿ. ಹಾಗಿದ್ದರೂ ಮಾತಿಗೆ ಸಿಕ್ಕವರೆಲ್ಲ ನನ್ನನ್ನು ಕೇಳಿದ್ದು ಒಂದೇ: ಮರವಿಲ್ಲದ, ಬೆಳೆಯಿಲ್ಲದ ಆ ಕೆಸರಿಗೆ ಇಷ್ಟು ಮರ್ಯಾದೆ ಏಕೆ? ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ಪೀಟ್ ಎಂದರೆ ಮಣ್ಣೋ, ಗೊಬ್ಬರವೋ, ಕಲ್ಲಿದ್ದಲೋ?

ಪೂರ್ತಿ ಕೊಳೆಯದೆ ಉಳಿದ ಗಿಡಗಳ ರಾಶಿ. ಮುಖ್ಯವಾಗಿ ಸ್ಫ್ಯಾಗ್ನಮ್ ಎಂಬ ಹಾವಸೆ, ಜೊತೆಗೆ ಜೊಂಡು ಮತ್ತು ಕುರುಚಲು ಗಿಡಗಳ ಬೇರು, ಕಾಂಡ. ಕೈಯಲ್ಲಿ ಹಿಡಿದು ಹಿಂಡಿದರೆ ಚಹಾ ಬಣ್ಣದ ನೀರು ಸುರಿಯುತ್ತದೆ, ಬೆರಳ ಸಂದಿಯಲ್ಲಿ ನಾರು ಉಳಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಪೀಟ್‌ನ ತೂಕದಲ್ಲಿ ಸುಮಾರು ಶೇ 90 ಪಾಲು ನೀರೇ. ಒಣಗಿಸಿದರೆ ಉರಿಯುತ್ತದೆ, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಹಳ್ಳಿಗಳು ಶತಮಾನಗಳ ಕಾಲ ಒಲೆ ಹೊತ್ತಿಸಿದ್ದು ಇದರಿಂದಲೇ. ಬೆಳೆಯುವ ವೇಗ ಮಾತ್ರ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಐದು ಮೀಟರ್ ಆಳದ ಪೀಟ್ ಎಂದರೆ ಐದು ಸಾವಿರ ವರ್ಷಗಳ ಗಳಿಕೆ.

ನಮ್ಮ ಕೆರೆಗೆ ಎಲೆ ಬಿದ್ದರೆ ಕೆಲವೇ ದಿನದಲ್ಲಿ ಕೊಳೆತು ನಾರುತ್ತದೆ. ಅಲ್ಲಿ ಮಾತ್ರ ಏಕೆ ಕೊಳೆಯುವುದಿಲ್ಲ?

ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುವುದಕ್ಕೆ ಇರುವಂಥದ್ದೇ ಕಾರಣ: ಹುಳಿ ಇದೆ, ಗಾಳಿ ಇಲ್ಲ. ಸ್ಫ್ಯಾಗ್ನಮ್ ತನ್ನ ಸುತ್ತಲಿನ ನೀರಿನಿಂದ ಕ್ಯಾಲ್ಸಿಯಂನಂಥ ಖನಿಜಗಳನ್ನು ಎಳೆದುಕೊಂಡು ಬದಲಿಗೆ ಆಮ್ಲವನ್ನು ಬಿಡುತ್ತದೆ. ಅದರ ಒಣ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿದುಕೊಳ್ಳುವ ಸತ್ತ, ಟೊಳ್ಳು ಜೀವಕೋಶಗಳು ಅದರ ಮೈತುಂಬ ಇವೆ. ಹೀಗೆ ನೆಲ ಸದಾ ಒದ್ದೆಯಾಗಿದ್ದು, ಆಮ್ಲಜನಕ ಕೆಳಗಿಳಿಯದೆ, ಚಳಿಯೂ ಸೇರಿದಾಗ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. 1950ರಲ್ಲಿ ಡೆನ್ಮಾರ್ಕ್‌ನಲ್ಲಿ ಪೀಟ್ ಅಗೆಯುತ್ತಿದ್ದವರಿಗೆ ಒಂದು ಶವ ಸಿಕ್ಕಿತು. ಈಚೆಗೆ ಸತ್ತವನೆಂದು ಪೊಲೀಸರಿಗೆ ಸುದ್ದಿ ಹೋಯಿತು. ಟೊಲುಂಡ್ ಮನುಷ್ಯ ಎಂದು ಹೆಸರಾದ ಅವನು ಸತ್ತು ಎರಡು ಸಾವಿರ ವರ್ಷಗಳ ಮೇಲಾಗಿತ್ತು. ಗಲ್ಲದ ಕುರುಚಲು ಗಡ್ಡ ಹಾಗೇ ಇತ್ತು.

ಇಷ್ಟು ಜಾಗದಿಂದ ಹವಾಮಾನಕ್ಕೆ ಏನು ವ್ಯತ್ಯಾಸ?

ಜಗತ್ತಿನ ನೆಲದಲ್ಲಿ ಪೀಟ್ ಇರುವುದು ಸುಮಾರು ಶೇ 3ರಷ್ಟು ಜಾಗದಲ್ಲಿ. ಅದರಲ್ಲಿರುವ ಇಂಗಾಲ ಸುಮಾರು 600 ಶತಕೋಟಿ ಟನ್ ಎಂದು ಅಂದಾಜು. ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು. ಬಹುಪಾಲು ಇರುವುದು ಉತ್ತರದಲ್ಲಿ: ರಷ್ಯಾ, ಕೆನಡಾ, ಫಿನ್ಲೆಂಡ್, ಸ್ವೀಡನ್, ಬ್ರಿಟನ್, ಐರ್ಲೆಂಡ್. ಬಸಿದು ಒಣಗಿಸಿದ ಭಾಗ ಒಟ್ಟು ಪೀಟ್ ಭೂಮಿಯ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಆದರೆ ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ 4ರಷ್ಟು ಆ ಸಣ್ಣ ಭಾಗದಿಂದಲೇ ಹೊರಡುತ್ತದೆ. ನಾನು ಈ ಅಂಕಿಯನ್ನು ಹೇಳಿದಾಗಲೆಲ್ಲ ಕೇಳಿದವರು ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ಹಾಳಾಗಿದೆ ಎನ್ನುತ್ತೀರಿ. ಫೋಟೊದಲ್ಲಿ ಹಚ್ಚಹಸಿರಾಗಿಯೇ ಇದೆಯಲ್ಲ?

ಹಸಿರನ್ನು ನಂಬಬೇಡಿ. ಪೀಟ್ ಭೂಮಿಯ ಆರೋಗ್ಯ ಇರುವುದು ನೀರಿನ ಮಟ್ಟದಲ್ಲಿ. ಮಟ್ಟ ನೆಲದಿಂದ ಒಂದು ಗೇಣಿನೊಳಗೆ ಇದ್ದರೆ ಸರಿ. ಮೊಣಕಾಲುದ್ದ ಇಳಿದಿದ್ದರೆ ಮೇಲಿರುವುದು ಹುಲ್ಲುಗಾವಲಾಗಲಿ, ಗೋಧಿಯಾಗಲಿ, ಕಾಡಾಗಲಿ, ಕೆಳಗೆ ಪೀಟ್ ಗಾಳಿ ಕುಡಿದು ಕರಗುತ್ತಿದೆ ಎಂದೇ ಅರ್ಥ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನ ಹೋಮ್ ಫೆನ್‌ಗೆ ಹೋಗಬೇಕು. ಅಲ್ಲಿನ ವಿಟಲ್ಸೀ ಸರೋವರವನ್ನು 1851ರ ಸುಮಾರಿಗೆ ಬಸಿದು ಹೊಲ ಮಾಡಿದರು. ನೆಲ ಕುಸಿಯುತ್ತದೆಂದು ಊಹಿಸಿದ ಯಾರೋ ಒಂದು ಎರಕದ ಕಬ್ಬಿಣದ ಕಂಬವನ್ನು ಪೀಟ್‌ನ ಕೆಳಗಿನ ಗಟ್ಟಿ ಜೇಡಿಗೆ ಊರಿ, ಅದರ ತುದಿ ನೆಲಕ್ಕೆ ಸರಿಸಮವಾಗುವಂತೆ ಬಿಟ್ಟರು. ಇಂದು ಆ ಕಂಬದ ತುದಿ ನೋಡಲು ಕತ್ತೆತ್ತಬೇಕು: ನೆಲದಿಂದ ಸುಮಾರು ನಾಲ್ಕು ಮೀಟರ್ ಮೇಲಿದೆ. ಕಂಬ ಬೆಳೆಯಲಿಲ್ಲ. ನೆಲ ಕುಸಿಯಿತು. ಆ ಕುಸಿತದಲ್ಲಿ ಸ್ವಲ್ಪ ಭಾಗ ನೀರು ಹೋಗಿ ಪೀಟ್ ಅದುಮಿಕೊಂಡದ್ದು. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಯಿತು.

ಯಾರು, ಏಕೆ ಹಾಳು ಮಾಡಿದರು?

ಹೆಚ್ಚಿನ ಕಡೆ ಸರ್ಕಾರದ ಸಬ್ಸಿಡಿ. ಎರಡನೇ ಮಹಾಯುದ್ಧದ ಬಳಿಕ ಆಹಾರ ಉತ್ಪಾದನೆ ಹೆಚ್ಚಿಸಬೇಕೆಂಬ ಹಟದಲ್ಲಿ ಬ್ರಿಟನ್ ತನ್ನ ಗುಡ್ಡಗಾಡಿನ ಜೌಗುಗಳಲ್ಲಿ ಬಸಿಗಾಲುವೆ ತೋಡಲು ಹಣ ಕೊಟ್ಟಿತು. ಉತ್ತರ ಇಂಗ್ಲೆಂಡಿನವರು ಇವನ್ನು ಗ್ರಿಪ್ ಎನ್ನುತ್ತಾರೆ. ಕುರಿ ಹೆಚ್ಚು ಮೇಯುತ್ತವೆ ಎಂಬ ಲೆಕ್ಕ ಎಲ್ಲೂ ಅಷ್ಟಾಗಿ ಫಲಿಸಲಿಲ್ಲ. ಫ್ಲೋ ಕಂಟ್ರಿಯ ಕಥೆ ಇನ್ನೂ ವಿಚಿತ್ರ. ಮರ ನೆಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇತ್ತು. 1970 ಮತ್ತು 80ರ ದಶಕಗಳಲ್ಲಿ ಆ ಕಡೆ ತಲೆಯನ್ನೂ ಹಾಕದ ಸಿರಿವಂತರ ಹಣದಿಂದ ಸಾವಿರಾರು ಹೆಕ್ಟೇರ್ ಪೀಟ್ ಉತ್ತು ಅಮೆರಿಕ ಮೂಲದ ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ನೆಡಲಾಯಿತು. ಗಲಾಟೆ ಜೋರಾಗಿ 1988ರ ಬಜೆಟ್‌ನಲ್ಲಿ ರಿಯಾಯಿತಿ ರದ್ದಾದದ್ದೇ ತಡ, ನೆಡುವ ಉತ್ಸಾಹವೂ ಆರಿತು. ಫಿನ್ಲೆಂಡ್ ಮರಮುಟ್ಟಿಗಾಗಿ ತನ್ನ ಜೌಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಸಿಯಿತು. ಐರ್ಲೆಂಡ್ ವಿದ್ಯುತ್ತಿಗಾಗಿ ಕೆರೆಯಿತು.

ನಮ್ಮ ದೇಶದಲ್ಲಿ ಪೀಟ್ ಇದೆಯೇ?

ಇದೆ, ಚೂರುಪಾರು. ನಮಗೆ ಹತ್ತಿರದ್ದೆಂದರೆ ನೀಲಗಿರಿಯ ಎತ್ತರದ ಕಣಿವೆಗಳಲ್ಲಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪೀಟ್‌ನ ಪದರಗಳಲ್ಲಿ ಇಂಗಾಲದ ಸಮಸ್ಥಾನಿಗಳನ್ನು (ಬೇರೆ ಬೇರೆ ತೂಕದ ಇಂಗಾಲದ ಪರಮಾಣುಗಳನ್ನು) ಅಳೆದು, ಸುಮಾರು 20,000 ವರ್ಷಗಳಲ್ಲಿ ಅಲ್ಲಿ ಹುಲ್ಲು ಹೆಚ್ಚಿದ್ದು ಯಾವಾಗ, ಮುಂಗಾರು ಬಲವಾಗಿದ್ದು ಯಾವಾಗ ಎಂದು 1993ರಲ್ಲಿ ತೋರಿಸಿಕೊಟ್ಟರು. ಪೀಟ್ ಕಳೆದುಕೊಂಡರೆ ಇಂಥ ದಾಖಲೆಯೂ ಹೋಗುತ್ತದೆ ಎನ್ನುವುದನ್ನು ಇಂಗಾಲದ ಗದ್ದಲದಲ್ಲಿ ಮರೆಯುತ್ತೇವೆ.

ನರ್ಸರಿಯಲ್ಲಿ ಪೀಟ್ ಮಾಸ್ ಚೀಲ ಸಿಗುತ್ತದೆ. ಕೊಳ್ಳಬಹುದೇ?

ಬೇಡ. ಅದು ಉತ್ತರದ ಯಾವುದೋ ಜೌಗನ್ನು ಕೆರೆದು ತಂದದ್ದು. ಕುಂಡಕ್ಕೆ ಹಾಕಿದ ಮೇಲೆ ಅದರ ಇಂಗಾಲ ಗಾಳಿಗೆ ಸೇರುವುದು ಖಚಿತ. ತುಮಕೂರು, ತಿಪಟೂರು, ಅರಸೀಕೆರೆಯ ಕಡೆ ತೆಂಗಿನ ಸಿಪ್ಪೆಯಿಂದ ಬರುವ ಕೊಕೊಪೀಟ್ ಇದೇ ಕೆಲಸ ಮಾಡುತ್ತದೆ. ಉಪ್ಪಿನಂಶ ಹೋಗುವಂತೆ ತೊಳೆದದ್ದನ್ನು ಕೇಳಿ ಪಡೆಯಿರಿ. ಯುರೋಪಿನ ಹಸಿರುಮನೆಗಳೇ ಭಾರತ ಮತ್ತು ಶ್ರೀಲಂಕಾದಿಂದ ಅದನ್ನು ತರಿಸಿಕೊಳ್ಳುತ್ತಿರುವಾಗ ನಾವು ಅಲ್ಲಿಂದ ಪೀಟ್ ತರಿಸುವುದು ತಮಾಷೆ.

## ಕೆಲಸ ನಡೆಯುವ ಬಗೆ

ಕಾಲುವೆ ಮುಚ್ಚಿಬಿಟ್ಟರೆ ಆಯಿತಲ್ಲ? ಅದಕ್ಕೆ ಇಷ್ಟು ಖರ್ಚೇ?

ಮುಚ್ಚುವುದೇ ಮುಖ್ಯ ಕೆಲಸ, ಆದರೆ ಮುಚ್ಚುವ ವಿದ್ಯೆ ಬೇರೆ. ಕೆಸರಿನಲ್ಲಿ ಹೂತುಹೋಗದಂತೆ ಅಗಲ ಪಟ್ಟಿ ಹಾಕಿದ ಹಿಟಾಚಿ ಮೊದಲು ಕಾಲುವೆಯ ಪಕ್ಕದ ಹಾವಸೆಯ ಹೊದಿಕೆಯನ್ನು ಚಾಪೆಯಂತೆ ಎತ್ತಿ ಬದಿಗಿಡುತ್ತದೆ. ಅದರಡಿಯ ಕಪ್ಪು ಒದ್ದೆ ಪೀಟನ್ನು ಅಗೆದು ಕಾಲುವೆಗೆ ತುಂಬಿ ಬಕೆಟ್‌ನ ಬೆನ್ನಿನಿಂದ ಅದುಮುತ್ತದೆ. ಒಡ್ಡನ್ನು ಸುತ್ತಲ ನೆಲಕ್ಕಿಂತ ತುಸು ಎತ್ತರಿಸಿ, ಎರಡೂ ಬದಿಗೆ ರೆಕ್ಕೆಯಂತೆ ಚಾಚಿ, ಮೇಲೆ ಹಾವಸೆಯ ಹೊದಿಕೆಯನ್ನು ಮತ್ತೆ ಹೊದಿಸುತ್ತದೆ. ಒಣ ಪೀಟ್ ಹಾಕಿದರೆ ಬಿರುಕು ಬಿಟ್ಟು ನೀರು ಸೋರುತ್ತದೆ. ಹೊದಿಕೆ ಮರೆತರೆ ಮೊದಲ ಮಳೆಗಾಲದಲ್ಲೇ ಕೊಚ್ಚಿಹೋಗುತ್ತದೆ. ರೆಕ್ಕೆ ಇಲ್ಲದಿದ್ದರೆ ನೀರು ಒಡ್ಡನ್ನು ಬಳಸಿ ಪಕ್ಕದಲ್ಲೇ ಹೊಸ ಕಾಲುವೆ ಕೊರೆಯುತ್ತದೆ. ಇಳಿಜಾರು ಹೆಚ್ಚಿದ್ದಲ್ಲಿ ಒಡ್ಡುಗಳು ಹತ್ತಿರ ಹತ್ತಿರ ಬೇಕು: ಕೆಳಗಿನ ಒಡ್ಡಿನ ನೀರು ಮೇಲಿನ ಒಡ್ಡಿನ ಬುಡ ಮುಟ್ಟಬೇಕು ಎಂಬುದು ಅಲ್ಲಿನ ಕೆಲಸಗಾರರ ಲೆಕ್ಕ. ಕಾಲುವೆ ಪೀಟ್ ದಾಟಿ ಕಲ್ಲಿನವರೆಗೆ ಕೊರೆದಿದ್ದರೆ ಕಲ್ಲಿನ ಅಥವಾ ಮರದ ಒಡ್ಡು ಕಟ್ಟುತ್ತಾರೆ. ಹ್ಯಾಗ್ ಎಂದು ಕರೆಯುವ, ಗೋಡೆಯಂತೆ ಕಡಿದು ನಿಂತ ಬೋಳು ಪೀಟ್ ಅಂಚುಗಳನ್ನು ಇಳಿಜಾರಾಗಿ ತಗ್ಗಿಸಿ ಹೊದಿಸುತ್ತಾರೆ. ಇದೆಲ್ಲ ರಸ್ತೆಯಿಲ್ಲದ ಗುಡ್ಡದ ಮೇಲೆ, ಹಕ್ಕಿಗಳು ಮೊಟ್ಟೆಯಿಡುವ ತಿಂಗಳುಗಳನ್ನು ಬಿಟ್ಟು, ಅಂದರೆ ಹೆಚ್ಚಾಗಿ ಚಳಿಯ ಮಳೆಯಲ್ಲಿ. ಖರ್ಚು ಅಲ್ಲಿದೆ.

ಮರ ಕಡಿಯುವುದನ್ನು ಪರಿಸರ ರಕ್ಷಣೆ ಎನ್ನುತ್ತೀರಾ?

ಅಲ್ಲಿ ಹೌದು. ವನಮಹೋತ್ಸವ ಆಚರಿಸಿ ಬೆಳೆದ ನಮಗೆ ಈ ಉತ್ತರ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬಲ್ಲೆ. ಪೀಟ್ ಮೇಲೆ ನೆಟ್ಟ ಮರಕ್ಕೆ ಮೊದಲು ಕಾಲುವೆ ಬೇಕು. ಬೆಳೆದ ಮೇಲೆ ಅದು ತಾನೇ ನೀರು ಎಳೆಯುತ್ತದೆ, ಮಳೆಯನ್ನು ತಲೆಯ ಮೇಲೇ ತಡೆದು ಆವಿಯಾಗಿಸುತ್ತದೆ. ಆಳವಾದ ಪೀಟ್ ಇದ್ದಲ್ಲಿ ಮರ ಕಟ್ಟಿಕೊಳ್ಳುವ ಇಂಗಾಲ ಕೆಳಗೆ ಸಾವಿರಾರು ವರ್ಷಗಳಿಂದ ಕೂಡಿಟ್ಟದ್ದರ ಮುಂದೆ ಏನೂ ಅಲ್ಲ. ಹಕ್ಕಿಗಳ ಲೆಕ್ಕ ಇನ್ನೊಂದು. ಡನ್ಲಿನ್, ಗೋಲ್ಡನ್ ಪ್ಲೋವರ್‌ಗಳು ತೋಪಿನ ಅಂಚಿನಿಂದ 700 ಮೀಟರ್‌ವರೆಗೂ ಗೂಡು ಕಟ್ಟಲು ಹಿಂಜರಿಯುತ್ತವೆ ಎಂದು ಫ್ಲೋ ಕಂಟ್ರಿಯ ಅಧ್ಯಯನ ಕಂಡುಕೊಂಡಿದೆ. ಒಂದು ಸಣ್ಣ ತೋಪು ತನ್ನ ಸುತ್ತಲಿನ ಎಷ್ಟೋ ಪಟ್ಟು ಜೌಗನ್ನು ಖಾಲಿ ಮಾಡಿಸುತ್ತದೆ. ಆದ್ದರಿಂದ ಫಾರ್ಸಿನಾರ್ಡ್‌ನಲ್ಲಿ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 1990ರ ದಶಕದಿಂದ ತೋಪುಗಳನ್ನು ಖರೀದಿಸಿ ಕಡಿಯುತ್ತ ಬಂದಿದೆ. ಕಡಿದ ಮೇಲೆ ಉಳುಮೆಯ ಸಾಲುಗಳನ್ನೂ ಮುಚ್ಚದಿದ್ದರೆ ನೀರು ನಿಲ್ಲುವುದಿಲ್ಲ ಎಂಬುದು ಆ ಮೊದಲ ವರ್ಷಗಳ ಪಾಠ.

ಹಾವಸೆಯನ್ನೂ ನೆಡಬೇಕೇ? ತಾನಾಗಿ ಬರುವುದಿಲ್ಲವೇ?

ಅಕ್ಕಪಕ್ಕ ಜೀವಂತ ಸ್ಫ್ಯಾಗ್ನಮ್ ಇದ್ದು ನೀರು ನಿಂತರೆ ಬರುತ್ತದೆ. ಯಂತ್ರಗಳು ಕೆರೆದ ಬೋಳು ನೆಲದಲ್ಲಿ ಬರುವುದಿಲ್ಲ. ಕೆನಡಾದ ಲವಾಲ್ ವಿಶ್ವವಿದ್ಯಾಲಯದ ಲಿನ್ ರೋಶ್‌ಫೋರ್ ಅವರ ತಂಡ ಇದಕ್ಕೊಂದು ಕ್ರಮ ರೂಪಿಸಿತು. ಒಳ್ಳೆಯ ಜೌಗಿನ ಮೇಲ್ಪದರದ ಕೆಲವು ಸೆಂಟಿಮೀಟರ್ ಹಾವಸೆಯನ್ನು ಎತ್ತಿ, ಚೂರು ಮಾಡಿ, ಹತ್ತು ಪಟ್ಟು ಜಾಗಕ್ಕೆ ಹರಡಿ, ಮೇಲೆ ಒಣಹುಲ್ಲು ಹೊದಿಸಿ, ಕಾಲುವೆ ಮುಚ್ಚುವುದು. ಕ್ವಿಬೆಕ್‌ನ ಬ್ವಾ-ದೆ-ಬೆಲ್‌ನಲ್ಲಿ 1999ರಲ್ಲಿ ಹೀಗೆ ಮಾಡಿದ ಜಾಗ ಹದಿನೈದು ವರ್ಷಗಳ ಆಸುಪಾಸಿನಲ್ಲಿ ಇಂಗಾಲ ಹೀರತೊಡಗಿತ್ತು.

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಕಷ್ಟ ಇನ್ನೂ ಹೆಚ್ಚು. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳ ಗಂಧಕದ ಹೊಗೆ ಅಲ್ಲಿನ ಸ್ಫ್ಯಾಗ್ನಮ್ಮನ್ನು ಬಹುಮಟ್ಟಿಗೆ ಕೊಂದಿತ್ತು. ಬೆಂಕಿ ಮತ್ತು ಕುರಿಗಳು ಉಳಿದದ್ದನ್ನು ಮುಗಿಸಿದ್ದವು. 2003ರಲ್ಲಿ ಶುರುವಾದ ಮೂರ್ಸ್ ಫಾರ್ ದ ಫ್ಯೂಚರ್ ಯೋಜನೆಯವರು ಹೆಲಿಕಾಪ್ಟರ್‌ನಿಂದ ಸುಣ್ಣ, ಗೊಬ್ಬರ, ಹುಲ್ಲಿನ ಬೀಜ ಸುರಿದು ಮೊದಲು ನೆಲ ಹಿಡಿದು ನಿಲ್ಲಿಸಿ, ನಂತರ ಸ್ಫ್ಯಾಗ್ನಮ್ ಸಸಿಗಳನ್ನು ಒಂದೊಂದಾಗಿ ಕೈಯಿಂದ ನೆಟ್ಟರು. ಆಮ್ಲ ಬೇಡುವ ಜೌಗಿಗೆ ಸುಣ್ಣವೇ ಎಂದು ಹುಬ್ಬೇರಿಸಬೇಡಿ; ಅಲ್ಲಿನ ಹುಳಿ ಸ್ಫ್ಯಾಗ್ನಮ್ಮಿಗೂ ತಡೆಯಲಾಗದಷ್ಟಿತ್ತು.

ಇಂಗಾಲದ ಮಾತು ಸಾಕು. ಅಲ್ಲಿ ಜೀವಜಾಲ ಏನಿದೆ?

ಜಾತಿಗಳ ಸಂಖ್ಯೆಯಲ್ಲಿ ಅದು ಪಶ್ಚಿಮಘಟ್ಟದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಲ್ಲಿರುವವು ಬೇರೆಲ್ಲೂ ಬಾಳಲಾರವು. ಸರಪಳಿಯ ಒಂದು ಕೊಂಡಿ ನೋಡಿ: ಕ್ರೇನ್‌ಫ್ಲೈ ಎಂಬ ಉದ್ದ ಕಾಲಿನ ನೊಣದ ಮರಿಹುಳ ಪೀಟ್‌ನ ಮೇಲ್ಪದರದಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಆ ಪದರ ಒಣಗಿದರೆ ಹುಳ ಸಾಯುತ್ತದೆ, ಮರುವರ್ಷ ಗೋಲ್ಡನ್ ಪ್ಲೋವರ್ ಮರಿಗಳಿಗೆ ಆಹಾರವಿಲ್ಲ. ಕಾಲುವೆ ಮುಚ್ಚಿದ ಕಡೆ ಈ ನೊಣಗಳ ಸಂಖ್ಯೆ ಏರುವುದನ್ನು ಬ್ರಿಟನ್ನಿನಲ್ಲಿ ಎಣಿಸಿ ನೋಡಿದ್ದಾರೆ. ನೊಣ ಹಿಡಿದು ತಿನ್ನುವ ಡ್ರೋಸೆರಾ ಅಲ್ಲಿ ಹಾವಸೆಯ ನಡುವೆ ಕೆಂಪಗೆ ಮಿನುಗುತ್ತದೆ. ಅದರ ಬಳಗದವು ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲೂ ಮಳೆಗಾಲ ಮುಗಿಯುವ ಹೊತ್ತಿಗೆ ಸಿಗುತ್ತವೆ. ಚಳಿಗಾಲದಲ್ಲಿ ನಮ್ಮ ಕೆರೆಯಂಗಳ, ಗದ್ದೆಗಳಲ್ಲಿ ಬಾಲ ಕುಣಿಸುತ್ತ ಓಡಾಡುವ ವುಡ್ ಸ್ಯಾಂಡ್‌ಪೈಪರ್ ಹಕ್ಕಿ ಮರಿ ಮಾಡುವುದು ಯುರೋಪಿನ ಉತ್ತರದಿಂದ ಸೈಬೀರಿಯಾದವರೆಗಿನ ಇಂಥ ಜೌಗುಗಳಲ್ಲೇ.

ಜೌಗು ಮರಳಿ ಬಂದರೆ ಹಕ್ಕಿ ಬರುತ್ತದೆಯೇ ಎನ್ನುವವರಿಗೆ ಫಿನ್ಲೆಂಡಿನ ಲಿನ್ನುನ್ಸುವೊ ಉತ್ತರ. ಅಲ್ಲಿನ ಪೀಟ್ ಗಣಿಯಿಂದ ಹರಿದ ಆಮ್ಲದ ನೀರಿಗೆ ಯೂಕಾಯೋಕಿ ನದಿಯಲ್ಲಿ 2010ರಲ್ಲಿ ಮೀನು ಸತ್ತವು. ಮೊದಲು ಕಂಡದ್ದು ಊರಿನ ಮೀನುಗಾರರು. ಅವರ ಒತ್ತಾಯದಿಂದ ಗಣಿ ನಿಂತು, ಜಾಗವನ್ನು ನೀರಿಗೆ ಬಿಟ್ಟ ಮೇಲೆ ಇನ್ನೂರು ಬಗೆಯ ಹಕ್ಕಿಗಳು ಅಲ್ಲಿ ದಾಖಲಾದವು. ಆ ಕೆಲಸ ಮುನ್ನಡೆಸಿದ ತೆರೊ ಮುಸ್ತೊನೆನ್ ಅವರಿಗೆ 2023ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

## ವಾದಕ್ಕೆ ಬರುವವರಿಗೆ

ನೀರು ನಿಲ್ಲಿಸಿದರೆ ಮೀಥೇನ್ ಬರುತ್ತದೆ. ಹಾಗಾದರೆ ಲಾಭವೇನು?

ಬರುತ್ತದೆ, ನಿಜ. ಅದರಲ್ಲೂ ಮೊದಲ ವರ್ಷಗಳಲ್ಲಿ, ಹಳೆಯ ಹುಲ್ಲು ನೀರಿನಡಿ ಕೊಳೆಯುವ ಕಡೆ ಹೆಚ್ಚು. ಆದರೆ ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು ಹನ್ನೆರಡು ವರ್ಷ. ಬಸಿದ ಪೀಟ್ ಬಿಡುವ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಪೇರುತ್ತಲೇ ಹೋಗುತ್ತದೆ. ಪೀಟ್ ಮುಗಿಯುವವರೆಗೂ ಅದು ನಿಲ್ಲುವುದಿಲ್ಲ. ಆದ್ದರಿಂದ ಮೀಥೇನಿಗೆ ಹೆದರಿ ಕಾಯುವುದಕ್ಕಿಂತ ಈಗಲೇ ನೀರು ನಿಲ್ಲಿಸುವುದು ಮೇಲು. ಜಾಣತನ ಬೇಕಾದದ್ದು ಮಟ್ಟದಲ್ಲಿ. ನೀರು ನೆಲದ ಸಮಕ್ಕೋ ತುಸು ಕೆಳಕ್ಕೋ ಇರಬೇಕು. ಮೊಣಕಾಲು ಮುಳುಗುವ ಕೆರೆಯಾಗಬಾರದು.

ಒಂದು ಹೆಕ್ಟೇರ್ ಎಷ್ಟು ಇಂಗಾಲ ಹೀರುತ್ತದೆ, ಸರಿಯಾದ ಲೆಕ್ಕ ಕೊಡಿ.

ಹೀರುವ ಲೆಕ್ಕ ಕೇಳುವವರಿಗೆ ನಿರಾಸೆ ಕಾದಿದೆ. ಆರೋಗ್ಯವಂತ ಜೌಗು ದೀರ್ಘಕಾಲದ ಸರಾಸರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್ ಕಟ್ಟಿಡುತ್ತದೆ, ಅಷ್ಟೆ. ಬಸಿದು ಉಳುವ ಆಳದ ಪೀಟ್ ಅದೇ ಒಂದು ವರ್ಷದಲ್ಲಿ 20 ಟನ್ನಿಗೂ ಹೆಚ್ಚು ಬಿಡಬಲ್ಲದು. ಲಾಭ ಇರುವುದು ಹೊಸದಾಗಿ ಕೂಡಿಸುವುದರಲ್ಲಲ್ಲ, ಇದ್ದದ್ದು ಸೋರದಂತೆ ತಡೆಯುವುದರಲ್ಲಿ. ಬ್ರಿಟನ್ ಮತ್ತು ಐರ್ಲೆಂಡಿನ ಹಲವು ಜಾಗಗಳ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬಂದ ಅಧ್ಯಯನದ ಪ್ರಕಾರ, ಕೆಳಗಿಳಿದ ನೀರಿನ ಮಟ್ಟವನ್ನು ಪ್ರತಿ 10 ಸೆಂಟಿಮೀಟರ್ ಏರಿಸಿದರೂ ಹೆಕ್ಟೇರಿಗೆ ವರ್ಷಕ್ಕೆ ಕನಿಷ್ಠ 3 ಟನ್ನಿನಷ್ಟು ಸೋರುವುದು ತಪ್ಪುತ್ತದೆ. ಪೂರ್ತಿ ಜೌಗಾಗಿಸಲು ಆಗದ ಹೊಲಗಳಿಗೂ ಇದು ಅನ್ವಯ.

ಕಾಲದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಫ್ಲೋ ಕಂಟ್ರಿಯಲ್ಲಿ ತೋಪು ಕಡಿದು ಹತ್ತು ವರ್ಷವಾದ ಜಾಗ ಇನ್ನೂ ಇಂಗಾಲ ಬಿಡುತ್ತಿತ್ತು. ಹದಿನಾರು ವರ್ಷವಾದದ್ದು ಹೀರತೊಡಗಿತ್ತು. ಐದು ವರ್ಷದ ಯೋಜನೆ ಬರೆದು ಫಲಿತಾಂಶ ಕೇಳುವ ಅಧಿಕಾರಿಗಳಿಗೆ ಇದು ರುಚಿಸುವುದಿಲ್ಲ.

ಕಂಪನಿಗಳು ಕಾರ್ಬನ್ ಕ್ರೆಡಿಟ್ (ಬೇರೆಯವರು ಉಳಿಸಿದ ಇಂಗಾಲವನ್ನು ತಮ್ಮ ಲೆಕ್ಕಕ್ಕೆ ಸೇರಿಸುವ ಹಕ್ಕು) ಕೊಂಡು ಕೈತೊಳೆದುಕೊಳ್ಳಲು ಇದೊಂದು ದಾರಿಯಲ್ಲವೇ?

ಅನುಮಾನ ಸರಿಯಾಗಿಯೇ ಇದೆ. ಬ್ರಿಟನ್ನಿನಲ್ಲಿ 2015ರಿಂದ ಪೀಟ್‌ಲ್ಯಾಂಡ್ ಕೋಡ್ ಎಂಬ ನಿಯಮಾವಳಿ ಇದೆ: ಕನಿಷ್ಠ 30 ವರ್ಷದ ಒಪ್ಪಂದ, ಹೊರಗಿನವರ ತಪಾಸಣೆ, ಆ ಹಣವಿಲ್ಲದೆ ಕೆಲಸ ಆಗುತ್ತಿರಲಿಲ್ಲ ಎಂಬ ರುಜುವಾತು. ಪರವಾಗಿಲ್ಲದ ಕಟ್ಟು. ಆದರೂ ಇಂದು ಸುಟ್ಟ ಡೀಸೆಲ್ಲಿಗೆ ಮುಂದಿನ ಮೂವತ್ತು ವರ್ಷ ಸೋರದೆ ಉಳಿಯಬಹುದಾದ ಪೀಟ್ ಸಮ ಎಂಬ ಜಮಾಖರ್ಚು ನನಗೆ ಒಪ್ಪಿಗೆಯಾಗುವುದಿಲ್ಲ. ಜೌಗು ಸರಿಪಡಿಸಲು ಸಾರ್ವಜನಿಕ ಹಣವೇ ಸರಿ. ಸ್ಕಾಟ್ಲೆಂಡ್ 2020ರಲ್ಲಿ ಹತ್ತು ವರ್ಷಕ್ಕೆ 25 ಕೋಟಿ ಪೌಂಡ್ ಘೋಷಿಸಿತು, 2030ರೊಳಗೆ 2,50,000 ಹೆಕ್ಟೇರ್ ಗುರಿ ಇಟ್ಟುಕೊಂಡಿತು. ವರ್ಷವಾರು ಕೆಲಸ ಆ ಗುರಿಗೆ ಬೇಕಾದ ವೇಗಕ್ಕಿಂತ ಹಿಂದೆಯೇ ಇದೆ.

ಅಲ್ಲಿ ಉಳುವವರ, ಪೀಟ್ ತೆಗೆಯುವವರ ಹೊಟ್ಟೆಪಾಡು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಐರ್ಲೆಂಡಿನ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಹೇಳಿತು. ಮಿಡ್‌ಲ್ಯಾಂಡ್ಸ್ ಸೀಮೆಯಲ್ಲಿ ತಲೆಮಾರುಗಳಿಂದ ಅದನ್ನೇ ನಂಬಿದ ಮನೆಗಳಿದ್ದವು. ಪೀಟ್ ಕೆರೆಯುತ್ತಿದ್ದ ಯಂತ್ರ ಚಾಲಕರಲ್ಲಿ ಹಲವರಿಗೆ ಅದೇ ಜಾಗದಲ್ಲಿ ಕಾಲುವೆ ಮುಚ್ಚುವ ಕೆಲಸ ಸಿಕ್ಕಿತು. 33,000 ಹೆಕ್ಟೇರ್ ಸರಿಪಡಿಸುವ ಯೋಜನೆಗೆ ಹಣವೂ ಬಂತು. ಎಲ್ಲರಿಗೂ ಸಿಗಲಿಲ್ಲ, ಆ ಕೆಲಸ ಮುಗಿದ ಮೇಲೆ ಏನು ಎನ್ನುವುದೂ ಉಳಿದಿದೆ. ಹೊಲಗಳ ಮಟ್ಟಿಗೆ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಊರಿನ ಸಂಶೋಧಕರು ಒದ್ದೆ ಬೇಸಾಯವನ್ನು ಬೆಳೆಸುತ್ತಿದ್ದಾರೆ: ಸೂರಿಗೆ ಲಾಳದ ಹುಲ್ಲು, ಮನೆಯ ಗೋಡೆಗೆ ಶಾಖ ತಡೆಯುವ ಹಲಗೆ ಮಾಡಲು ಆಪು, ಕುಂಡಕ್ಕೆ ಬೆಳೆಸಿದ ಸ್ಫ್ಯಾಗ್ನಮ್. ಮಾರುಕಟ್ಟೆ ಇನ್ನೂ ಸಣ್ಣದು. 2024ರ ಯುರೋಪಿಯನ್ ಒಕ್ಕೂಟದ ಪ್ರಕೃತಿ ಪುನಶ್ಚೇತನ ಕಾಯ್ದೆ ಬಸಿದ ಪೀಟ್ ಹೊಲಗಳ ಶೇ 30ರಷ್ಟರಲ್ಲಿ 2030ರೊಳಗೆ ಸುಧಾರಣೆಯ ಕ್ರಮ ಬೇಕೆನ್ನುತ್ತದೆ, ಆದರೆ ಅದರ ಕಾಲು ಭಾಗಕ್ಕೆ ಮಾತ್ರ ನೀರು ನಿಲ್ಲಿಸಿದರೆ ಸಾಕು. ಇಂಥ ನಿಯಮಗಳನ್ನು ವಿರೋಧಿಸಿದ ಅಲ್ಲಿನ ರೈತರ ಟ್ರ್ಯಾಕ್ಟರ್ ಮೆರವಣಿಗೆಗಳ ಬಿಸಿ ಆ ಅಂಕಿಗಳಲ್ಲಿ ಕಾಣುತ್ತದೆ.

ಗಾಳಿಯಂತ್ರ ಹಾಕಲು ಇಂಥ ಖಾಲಿ ಜಾಗಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?

ಪೀಟ್ ಇಲ್ಲದ ಕಡೆ. 2003ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಡೆರಿಬ್ರಿಯನ್‌ನಲ್ಲಿ ಗಾಳಿಯಂತ್ರಗಳ ಕೆಲಸ ನಡೆಯುತ್ತಿದ್ದಾಗ ಗುಡ್ಡದ ಪೀಟ್ ಜಾರಿ ನದಿಗಿಳಿದು ಸಾವಿರಾರು ಮೀನು ಸತ್ತವು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ಆಗಿರಲಿಲ್ಲ. ಯುರೋಪಿನ ನ್ಯಾಯಾಲಯ 2019ರಲ್ಲಿ ಐರ್ಲೆಂಡ್ ದೇಶಕ್ಕೆ 50 ಲಕ್ಷ ಯೂರೋ ದಂಡವಲ್ಲದೆ ದಿನಕ್ಕೆ 15,000 ಯೂರೋ ವಿಧಿಸಿತು; ಕೊನೆಗೆ ಯಂತ್ರಗಳನ್ನೇ ನಿಲ್ಲಿಸಬೇಕಾಯಿತು.

ಭೂಮಿ ಬಿಸಿಯಾಗುತ್ತಲೇ ಇದೆ. ಇಷ್ಟೆಲ್ಲ ಮಾಡಿದರೂ ಒಣಗಿ ಸುಟ್ಟುಹೋಗುವುದಿಲ್ಲವೇ?

ಕೆಲವು ಕಡೆ ಹೋಗಬಹುದು. ಜೌಗಿಗೆ ಬೇಕಾದ ತಂಪು ತೇವದ ಹವೆ ಬ್ರಿಟನ್ನಿನ ದಕ್ಷಿಣ ಮತ್ತು ಪೂರ್ವ ಅಂಚುಗಳಲ್ಲಿ ಕುಗ್ಗುತ್ತದೆಂದು ಹವಾಮಾನ ಮಾದರಿಗಳು ಹೇಳುತ್ತವೆ. ಆದರೆ ಬರಗಾಲದಲ್ಲಿ ಮೊದಲು ಸಾಯುವುದು ಈಗಾಗಲೇ ಬಸಿದದ್ದು. 2010ರ ಬೇಸಿಗೆಯಲ್ಲಿ ಮಾಸ್ಕೋವನ್ನು ವಾರಗಟ್ಟಲೆ ಮುಚ್ಚಿದ ಹೊಗೆಯಲ್ಲಿ ದೊಡ್ಡ ಪಾಲು ಸೋವಿಯತ್ ಕಾಲದಲ್ಲಿ ಬಸಿದು ಕೈಬಿಟ್ಟ ಪೀಟ್ ಗಣಿಗಳದ್ದು. ಆ ಬೆಂಕಿ ನೆಲದಡಿ ಹರಿದಾಡುತ್ತದೆ, ಮೇಲೆ ನೀರು ಸುರಿದರೆ ಆರುವುದಿಲ್ಲ. ಅದಾದ ಮೇಲೆ ಮಾಸ್ಕೋ ಪ್ರಾಂತ್ಯದಲ್ಲಿ ಸಾವಿರಾರು ಹೆಕ್ಟೇರಿಗೆ ಮತ್ತೆ ನೀರು ನಿಲ್ಲಿಸಿದರು. ಅಲ್ಲಿ ಅವರನ್ನು ಒಡ್ಡು ಕಟ್ಟಲು ಹೊರಡಿಸಿದ್ದು ಹವಾಮಾನದ ಒಪ್ಪಂದವಲ್ಲ, ಆ ಬೇಸಿಗೆಯ ಹೊಗೆ.